ಲೋಮಾಂಗಗಳೂ ಪ್ರಯೋಗಾಲಯದಲ್ಲಿ ತಯಾರಾಗುವ ಮಾನವ ಪ್ರೋಟೀನೂ

ನಮ್ಮ ಊರು ಬೂಕನಕೆರೆ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಊರಿನವನಾದ್ದರಿಂದ ಈ ಪಾಠವನ್ನು ಕೆರೆಯ ನೀರಿನಿಂದಲೇ ಆರಂಭಿಸುತ್ತೇನೆ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿ ಆಮೇಲೆ ಬಿ.ಎ. ತರಗತಿಗೆ ಬಂದವನು ನಾನು. ಆದಕಾರಣ ಪಂಡಿತರ ಮುಂದೆ ಪಾಂಡಿತ್ಯವನ್ನು ತೋರಿಸುವ ಹವಣಿಕೆ ನನ್ನದಲ್ಲ. ನನ್ನಂತೆಯೇ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಮಿತ್ರರಿಗೆ, ನಾನು ತಿಳಿದುಕೊಂಡಷ್ಟನ್ನು ತಿಳಿಯುವಂತೆ ಹೇಳುವುದಷ್ಟೇ ಉದ್ದೇಶ.

ಹೈಸ್ಕೂಲಿನಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಹಸಿರುಗಟ್ಟಿದ ನೀರನ್ನು ಸೀಸೆಯಲ್ಲಿ ತರಿಸಿದರು. ಅದರ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿರೆಂದರು. ಸಾಸಿವೆಗಿಂತಲೂ ಸಾವಿರ ಪಾಲು ಕಿರಿದಾದ ಹಸಿರು ಉಂಡೆಗಳು ಅತ್ತಿಂದಿತ್ತ ಓಡಾಡುತ್ತಿದ್ದುವು. “ಇದರ ಹೆಸರು ಕ್ಲಾಮಿಡೊಮೊನಾಸ್. ಇದಕ್ಕೆ ಕೈಯಿಲ್ಲ, ಕಾಲಿಲ್ಲ. ಮುಂದುಗಡೆ ಎರಡು ಕೂದಲಿವೆ. ಆ ಕೂದಲು ನಮ್ಮ ಈ ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ, ಓಟ ಮಾತ್ರ ಕಾಣುತ್ತದೆ” ಎಂದು ಮೇಷ್ಟ್ರು ಹೇಳಿದರು. ನಾವು ನೋಡಿ ನಕ್ಕು ಮರೆತೆವು. ಆ ಎರಡು ಕೂದಲಿಗೂ ನಮ್ಮ ಬೀದಿಯ ಒಂದು ಮಗುವಿನ ಕೆಮ್ಮಿಗೂ ಸಂಬಂಧವಿರಬಹುದೆಂದು ಆಗ ಯಾರು ಊಹಿಸಿದ್ದರು?

ನಮ್ಮ ಬೀದಿಯಲ್ಲಿ ನಾನು ಅತ್ತಿಗೆ ಎಂದು ಕರೆಯುವ ಒಬ್ಬರಿದ್ದಾರೆ. ಸೋದರಮಾವನನ್ನೇ ಮದುವೆಯಾದವರು. ಅವರ ಮಗನಿಗೆ ಹುಟ್ಟಿದ ಮರುದಿನದಿಂದಲೇ ಉಸಿರಾಟದ ತೊಂದರೆ. ಆಮೇಲೆ ವರ್ಷದ ಹನ್ನೆರಡು ತಿಂಗಳೂ ಕಫದ ಕೆಮ್ಮು, ಸೋರುವ ಮೂಗು, ಕಿವಿಯಲ್ಲಿ ಕೀವು. “ಶೀತದ ಮೈ” ಎಂದರು ಕೆಲವರು. “ಆಲೆಮನೆಯ ಹೊಗೆ” ಎಂದರು ಮತ್ತೆ ಕೆಲವರು. ಒಬ್ಬರು ದಮ್ಮಿಗೆ ಔಷಧ ಕೊಟ್ಟರು, ಇನ್ನೊಬ್ಬರು ಕ್ಷಯವಿರಬಹುದೆಂದು ಶಂಕಿಸಿದರು. ಕೊನೆಗೆ ಎದೆಯ ಎಕ್ಸ್-ರೇ ತೆಗೆಸಿದಾಗ ಹೃದಯ ಬಲಗಡೆ ಕಂಡಿತಂತೆ. ಫಿಲ್ಮನ್ನು ತಿರುಗಾಮುರುಗಾ ಹಿಡಿದಿರಬೇಕೆಂದು ಎರಡು ಸಲ ಹೊರಳಿಸಿ ನೋಡಿದರಂತೆ. ಆಮೇಲೆ ಒಬ್ಬ ವೈದ್ಯರು ರೋಗದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ಓದಿ ಹೇಳೆಂದು ಅತ್ತಿಗೆ ನನ್ನ ಬಳಿಗೆ ತಂದರು. “ನಾನೇನ್ ಪಾಪ ಮಾಡಿದ್ನಪ್ಪ, ನನ್ ಮಗೀಗೇ ಯಾಕಿಂಗಾಯ್ತು?” ಎಂದು ಕೇಳಿದರು. ಚೀಟಿಯಲ್ಲಿದ್ದುದು ‘ಪ್ರೈಮರಿ ಸಿಲಿಯರಿ ಡಿಸ್ಕೈನೀಸಿಯಾ’ ಎಂಬ ಮಾತು. ಆ ದಿನ ನನಗೆ ಉತ್ತರ ತಿಳಿದಿರಲಿಲ್ಲ. ಈ ಲೇಖನವೇ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಲೋಮಾಂಗವೆಂದರೇನು?

ಜೀವಕೋಶದ ಮೇಲ್ಮೈಯಿಂದ ಹೊರಕ್ಕೆ ಚಾಚಿಕೊಂಡಿರುವ, ಕೂದಲಿನಂಥ ಅತಿ ಸೂಕ್ಷ್ಮವಾದ ಅಂಗಕ್ಕೆ ಸಿಲಿಯಮ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಲೋಮಾಂಗವೆಂದು ಕರೆಯುವುದು ವಾಡಿಕೆ. ೧೬೭೦ರ ದಶಕದಲ್ಲಿಯೇ ಹಾಲೆಂಡಿನ ಲೇವೆನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯು ತಾನೇ ಉಜ್ಜಿ ಮಾಡಿದ ಮಸೂರದ ಮೂಲಕ ನೀರಿನ ಜೀವಿಗಳನ್ನು ನೋಡಿ, ಅವುಗಳ ಮೈಮೇಲೆ ಸಣ್ಣ ಸಣ್ಣ ಕಾಲುಗಳಂಥವು ಆಡುತ್ತಿವೆಯೆಂದು ಬರೆದನು. ಅವನು ಕಂಡದ್ದು ಲೋಮಾಂಗಗಳನ್ನೇ.

ನಮ್ಮ ಮೂಗಿನ ಒಳಭಾಗದಿಂದ ಶ್ವಾಸಕೋಶದ ನಾಳಗಳವರೆಗೂ ಇಂಥ ಲೋಮಾಂಗಗಳ ಹಾಸು ಇದೆ. ಒಂದೊಂದು ಕೋಶದ ಮೇಲೆ ಸುಮಾರು ೨೦೦ ಲೋಮಾಂಗಗಳು. ಒಂದೊಂದರ ಉದ್ದ ೬-೭ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತವೆ. ಹರಿಗೋಲಿನವನು ಹುಟ್ಟನ್ನು ಬಲವಾಗಿ ಎಳೆದು, ಆಮೇಲೆ ನೀರಿಗೆ ತಾಗದಂತೆ ಮೆಲ್ಲನೆ ಹಿಂದಕ್ಕೆ ತರುವ ಹಾಗೆ, ಲೋಮಾಂಗವೂ ಒಂದು ಸಲ ನೆಟ್ಟಗಾಗಿ ಬೀಸುತ್ತದೆ, ಇನ್ನೊಂದು ಸಲ ಬಾಗಿ ಹಿಂದಿರುಗುತ್ತದೆ. ಗದ್ದೆಯ ಮೇಲೆ ಗಾಳಿ ಬೀಸಿದಾಗ ಪೈರು ಅಲೆಯಲೆಯಾಗಿ ಬಾಗುವುದನ್ನು ನೋಡಿದ್ದೀರಷ್ಟೆ. ಲೋಮಾಂಗಗಳ ಹಾಸಿನಲ್ಲಿಯೂ ಅಂಥದೇ ಅಲೆ. ನಾವು ಉಸಿರಿನೊಡನೆ ಒಳಕ್ಕೆ ಎಳೆದುಕೊಂಡ ಧೂಳು, ಹೊಗೆಯ ಕಣ, ರೋಗಾಣು ಇವೆಲ್ಲ ಲೋಳೆಗೆ ಅಂಟಿಕೊಳ್ಳುತ್ತವೆ. ಆ ಲೋಳೆಯನ್ನು ಈ ಅಲೆ ಗಂಟಲಿನವರೆಗೂ ತಳ್ಳುತ್ತದೆ. ನಾವು ಅರಿಯದೆಯೇ ಅದನ್ನು ನುಂಗಿಬಿಡುತ್ತೇವೆ. ಹಗಲಿರುಳೂ ನಡೆಯುವ ಈ ಗುಡಿಸುವ ಕೆಲಸ ನಿಂತುಹೋದರೆ ಮನೆಯ ಗತಿ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಲೋಮಾಂಗದ ಒಳರಚನೆ ಬೆಳಕಿಗೆ ಬಂತು. ೧೯೫೪ರಲ್ಲಿ ಫಾಸೆಟ್ ಮತ್ತು ಪೋರ್ಟರ್ ಎಂಬ ಅಮೆರಿಕದ ವಿಜ್ಞಾನಿಗಳು ಹಲವು ಪ್ರಾಣಿಗಳ ಲೋಮಾಂಗಗಳನ್ನು ಅಡ್ಡಲಾಗಿ ಕೊಯ್ದು ನೋಡಿದಾಗ, ಸುತ್ತಲೂ ಒಂಬತ್ತು ಜೋಡಿ ನಳಿಗೆಗಳು, ನಡುವೆ ಎರಡು ಬಿಡಿ ನಳಿಗೆಗಳು, ಹೀಗೆ ಒಂದೇ ವಿನ್ಯಾಸ ಎಲ್ಲೆಲ್ಲಿಯೂ ಕಂಡಿತು. ಒಂಬತ್ತು ಜೋಡಿಗಳಲ್ಲಿ ಪ್ರತಿಯೊಂದಕ್ಕೂ ಹೊರಗೊಂದು ಒಳಗೊಂದು ಸಾಲಿನಲ್ಲಿ ಪುಟ್ಟ ತೋಳುಗಳಿವೆ. ಪಕ್ಕದ ಜೋಡಿಯನ್ನು ಹಿಡಿದು ಜಗ್ಗುವ ಈ ತೋಳುಗಳೇ ಲೋಮಾಂಗದ ಯಂತ್ರ. ೧೯೬೩ರಲ್ಲಿ ಇಯಾನ್ ಗಿಬ್ಬನ್ಸ್ ಎಂಬ ವಿಜ್ಞಾನಿ, ಟೆಟ್ರಾಹೈಮೀನ ಎಂಬ ಕೊಳದ ನೀರಿನ ಜೀವಿಯಿಂದ ಈ ತೋಳುಗಳ ಪ್ರೋಟೀನನ್ನು ಬೇರ್ಪಡಿಸಿದನು. ಬಲದ ಮಾನವಾದ ‘ಡೈನ್’ ಎಂಬ ಪದದಿಂದ ೧೯೬೫ರಲ್ಲಿ ಅದಕ್ಕೆ ‘ಡೈನೀನ್’ ಎಂಬ ಹೆಸರು ಬಂತು. ಪ್ರೋಟೀನು ಎಂದರೆ ಹಳೆಯ ಪುಸ್ತಕಗಳು ಸಸಾರಜನಕವೆಂದು ಕರೆದಿರುವ ವಸ್ತು. ಅದು ನಾವು ತಿನ್ನುವ ಬೇಳೆ ಮೊಟ್ಟೆಗಳಲ್ಲಿ ಮಾತ್ರ ಇರುವುದಲ್ಲ. ನಮ್ಮ ಮೈಯಲ್ಲಿ ಕೆಲಸ ಮಾಡುವ ಸಹಸ್ರಾರು ಬಗೆಯ ಪುಟ್ಟ ಯಂತ್ರಗಳೂ ಪ್ರೋಟೀನುಗಳೇ.

ಲೋಮಾಂಗ ನಿಂತಾಗ

ರೋಗದ ಕಡೆಯಿಂದ ಬಂದ ದಾರಿ ಬೇರೆ. ೧೯೩೩ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಕಾರ್ಟಗೇನರ್ ಎಂಬ ವೈದ್ಯನು ಮೂರು ಲಕ್ಷಣಗಳು ಒಟ್ಟಿಗೆ ಬರುವುದನ್ನು ಗಮನಿಸಿ ವರದಿ ಮಾಡಿದನು: ಮೂಗಿನ ಸುತ್ತಲಿನ ಕುಳಿಗಳ ತೀರದ ಸೋಂಕು, ಶ್ವಾಸನಾಳಗಳು ಹಿಗ್ಗಿ ಕೀವು ತುಂಬುವುದು, ಹೃದಯ ಮೊದಲಾದ ಒಳ ಅಂಗಗಳು ಕನ್ನಡಿಯ ಪ್ರತಿಬಿಂಬದಂತೆ ಎಡಬಲ ಅದಲುಬದಲಾಗಿರುವುದು. ಇವು ಮೂರೂ ಒಬ್ಬನಲ್ಲಿಯೇ ಏಕೆ ಬರಬೇಕೆಂಬುದು ೪೦ ವರ್ಷಗಳಿಗೂ ಹೆಚ್ಚು ಕಾಲ ಒಗಟಾಗಿಯೇ ಉಳಿಯಿತು. ೧೯೭೬ರಲ್ಲಿ ಸ್ವೀಡನ್ನಿನ ಅಫ್ಜೇಲಿಯಸ್ ಆ ಒಗಟನ್ನು ಬಿಡಿಸಿದನು. ಮಕ್ಕಳಾಗದ ಕೆಲವು ಗಂಡಸರ ವೀರ್ಯಾಣುಗಳು ಚಲಿಸದಿರುವುದನ್ನು ಅವನು ಕಂಡನು. ಅವರಲ್ಲಿ ಹಲವರಿಗೆ ಚಿಕ್ಕಂದಿನಿಂದ ಕೆಮ್ಮು, ಕೆಲವರಿಗೆ ಹೃದಯ ಬಲಗಡೆ. ವೀರ್ಯಾಣುವಿನ ಬಾಲದ ರಚನೆಯೂ ಲೋಮಾಂಗದ ರಚನೆಯೂ ಒಂದೇ. ಎರಡರಲ್ಲಿಯೂ ಡೈನೀನ್ ತೋಳುಗಳು ಇರಲಿಲ್ಲ.

ಹೃದಯದ ವಿಚಾರ? ಭ್ರೂಣವು ಗುಂಡುಸೂಜಿಯ ತಲೆಯಷ್ಟಿರುವಾಗಲೇ ಅದರ ಒಂದು ಪುಟ್ಟ ಹೊಂಡದಲ್ಲಿ ಲೋಮಾಂಗಗಳು ಸುತ್ತುತ್ತಾ ದ್ರವವನ್ನು ಎಡಕ್ಕೆ ಹರಿಸುತ್ತವೆಯೆಂದು ೧೯೯೮ರಲ್ಲಿ ಜಪಾನಿನ ಹಿರೋಕಾವಾ ಅವರ ತಂಡದವರು ಇಲಿಯ ಭ್ರೂಣದಲ್ಲಿ ತೋರಿಸಿದರು. ಎಡ ಯಾವುದು, ಬಲ ಯಾವುದು ಎಂಬ ಮೊದಲ ಸೂಚನೆ ಈ ಹರಿವಿನಿಂದ ಬರುತ್ತದೆ. ಹರಿವು ಇಲ್ಲದಿದ್ದರೆ ಎಡಬಲಗಳ ನಿರ್ಣಯ ನಾಣ್ಯ ಚಿಮ್ಮಿದಂತೆ ಆಗುತ್ತದೆ. ಆದ್ದರಿಂದಲೇ ಈ ರೋಗವಿರುವವರಲ್ಲಿ ಸುಮಾರು ಅರ್ಧ ಜನರಿಗೆ ಮಾತ್ರ ಅಂಗಗಳು ಅದಲುಬದಲಾಗಿರುತ್ತವೆ. ಉಳಿದರ್ಧ ಜನರ ಹೃದಯ ಎಡಗಡೆಯೇ ಇರುವುದರಿಂದ, ಅವರ ರೋಗ ಎಷ್ಟೋ ವರ್ಷ ದಮ್ಮು, ಶೀತ ಎಂಬ ಹೆಸರುಗಳ ಮರೆಯಲ್ಲಿಯೇ ಉಳಿದುಬಿಡುತ್ತದೆ.

ಲೋಮಾಂಗಗಳ ರೋಗ ಇದೊಂದೇ ಅಲ್ಲ. ಬಡಿಯದೆ ಸುಮ್ಮನೆ ನಿಂತಿರುವ ಒಂಟಿ ಲೋಮಾಂಗವೊಂದು ದೇಹದ ಬಹುತೇಕ ಕೋಶಗಳಲ್ಲಿ ಉಂಟು. ಅದು ಹೊರಗಿನ ಸುದ್ದಿಯನ್ನು ಒಳಕ್ಕೆ ತಿಳಿಸುವ ಕಂಬದಂತೆ. ಅದು ಕೆಟ್ಟರೆ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು, ಕಣ್ಣಿನ ಕುರುಡು, ಹೆಚ್ಚಿನ ಬೆರಳು ಮುಂತಾದುವು ಬರಬಹುದು. ಇಲ್ಲಿ ನಾನು ಎತ್ತಿಕೊಂಡಿರುವುದು ಬಡಿಯುವ ಲೋಮಾಂಗದ ರೋಗವನ್ನು ಮಾತ್ರ. ಅದು ಸುಮಾರು ೧೦,೦೦೦ದಿಂದ ೨೦,೦೦೦ ಜನರಿಗೆ ಒಬ್ಬರಂತೆ ಕಂಡುಬರುತ್ತದೆಂದು ಅಂದಾಜು. ಅದಕ್ಕೆ ಕಾರಣವಾಗಬಲ್ಲ ಜೀನುಗಳು ೫೦ಕ್ಕೂ ಹೆಚ್ಚು ಇವೆಯೆಂದು ಈಗ ತಿಳಿದಿದೆ.

ಹಸಿರು ಜೀವಿ ಕೊಟ್ಟ ಸುಳಿವು

ಈಗ ಮತ್ತೆ ಕೆರೆಯ ನೀರಿಗೆ ಬರೋಣ. ಕ್ಲಾಮಿಡೊಮೊನಾಸಿನ ಎರಡು ಕೂದಲಿನ ಒಳಗೂ ಅದೇ ಒಂಬತ್ತು ಜೋಡಿ, ಅದೇ ನಡುವಿನ ಎರಡು, ಅದೇ ಡೈನೀನ್ ತೋಳು. ನಮಗೂ ಅದಕ್ಕೂ ಸಮಾನರಾದ ಪೂರ್ವಿಕರು ಬದುಕಿದ್ದು ೧೦೦ ಕೋಟಿ ವರ್ಷಗಳಿಗೂ ಹಿಂದೆ. ಅಷ್ಟು ಕಾಲ ಕಳೆದರೂ ಯಂತ್ರ ಬದಲಾಗಿಲ್ಲ! ಮನುಷ್ಯನ ಮೇಲೆ ಮಾಡಲಾಗದ ಪ್ರಯೋಗವನ್ನು ಈ ಜೀವಿಯ ಮೇಲೆ ಮಾಡಬಹುದು. ಇದರಲ್ಲಿ ಸರಿಯಾಗಿ ಈಜಲಾರದ ತಳಿಗಳನ್ನು ವಿಜ್ಞಾನಿಗಳು ಆರಿಸಿ ಇಟ್ಟುಕೊಂಡಿದ್ದಾರೆ. ಅಂಥ ಒಂದು ತಳಿಯಲ್ಲಿ ಹೊರಸಾಲಿನ ತೋಳುಗಳೇ ಇಲ್ಲ. ಅದು ಈಜುತ್ತದೆ, ಆದರೆ ಬಹಳ ನಿಧಾನ. ಅದರಲ್ಲಿ ಕೆಟ್ಟಿರುವ ಪ್ರೋಟೀನಿನ ತೂಕ ಸುಮಾರು ೭೮,೦೦೦ ಡಾಲ್ಟನ್. ತೋಳು ಕಟ್ಟಿಕೊಳ್ಳಬೇಕಾದರೆ ಈ ಪ್ರೋಟೀನು ಅಗತ್ಯವೆಂದು ೧೯೯೫ರಲ್ಲಿ ಅಮೆರಿಕದ ವಿಟ್ಮನ್ ಅವರ ತಂಡದವರು ಪ್ರಕಟಿಸಿದರು.

ಇದನ್ನು ಓದಿದ ಫ್ರಾನ್ಸಿನ ವಿಜ್ಞಾನಿಗಳು ಒಂದು ಪ್ರಶ್ನೆಯನ್ನು ಹಾಕಿಕೊಂಡರು. ಹಸಿರು ಜೀವಿಯಲ್ಲಿ ಈ ಪ್ರೋಟೀನು ಕೆಟ್ಟರೆ ತೋಳಿಲ್ಲ, ರೋಗಿಯಲ್ಲಿಯೂ ತೋಳಿಲ್ಲ. ಹಾಗಾದರೆ ರೋಗಿಯಲ್ಲಿಯೂ ಇದೇ ಪ್ರೋಟೀನು ಕೆಟ್ಟಿರಬಹುದಲ್ಲವೆ? ಹಸಿರು ಜೀವಿಯ ಜೀನನ್ನು ಮಾದರಿಯಾಗಿಟ್ಟುಕೊಂಡು ಅದಕ್ಕೆ ಸಮನಾದ ಮಾನವ ಜೀನನ್ನು ಹುಡುಕಿದರು. ಅದು ಒಂಬತ್ತನೆಯ ವರ್ಣತಂತುವಿನಲ್ಲಿ ಸಿಕ್ಕಿತು. ಒಬ್ಬ ರೋಗಿಯಲ್ಲಿ ಆ ಜೀನಿನ ಎರಡು ಪ್ರತಿಗಳೂ ಕೆಟ್ಟಿರುವುದು ಕಂಡಿತು. ೧೯೯೯ರಲ್ಲಿ ಪ್ರಕಟವಾದ ಈ ಸಂಗತಿಯಿಂದ, ಈ ರೋಗಕ್ಕೆ ಕಾರಣವಾದ ಮೊದಲನೆಯ ಜೀನು ಗೊತ್ತಾದಂತಾಯಿತು. ಅದರ ಹೆಸರು ಡಿಎನ್‌ಎಐ-೧. ಇದರಲ್ಲಿ ‘ಡಿಎನ್‌ಎ’ ಎಂಬ ಅಕ್ಷರಗಳಿರುವುದು ಕಾಕತಾಳೀಯ ಮಾತ್ರ. ‘ಡಿಎನ್’ ಎಂಬುದು ಡೈನೀನ್ ಪದದಿಂದ ಬಂದದ್ದು. ಕೊಳದ ಪಾಚಿಯನ್ನು ನೋಡುತ್ತಾ ಕೂರುವುದು ನಿಷ್ಪ್ರಯೋಜಕವೆಂದು ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಮಾನವ ಪ್ರೋಟೀನನ್ನು ಏಕಾಣುಜೀವಿಯಿಂದ ಮಾಡಿಸುವ ಬಗೆ

ಪ್ರೋಟೀನಿನ ಗುಣವನ್ನು ಅರಿಯಬೇಕಾದರೆ ಅದು ಶುದ್ಧವಾಗಿ ಕೈಗೆ ಸಿಗಬೇಕು. ಮನುಷ್ಯನ ಮೂಗಿನಿಂದ ಕೆರೆದು ತೆಗೆಯುವ ಕೋಶಗಳಲ್ಲಿ ಅದು ಸಿಗುವುದು ಅತ್ಯಲ್ಪ, ಅದೂ ನೂರಾರು ಬೇರೆ ಪ್ರೋಟೀನುಗಳೊಡನೆ ಬೆರೆತು. ಆದ್ದರಿಂದ ಆ ಪ್ರೋಟೀನಿನ ಪಾಠವನ್ನು ಬೇರೊಂದು ಜೀವಿಗೆ ಕಲಿಸಿ, ಅದರಿಂದಲೇ ಮಾಡಿಸುತ್ತಾರೆ. ಹೀಗೆ ತಯಾರಾದದ್ದೇ ಪುನಸ್ಸಂಯೋಜಿತ ಪ್ರೋಟೀನು.

ಜೀನು ಎಂದರೆ ಡಿ.ಎನ್.ಎ. ಎಂಬ ಉದ್ದನೆಯ ದಾರದಲ್ಲಿ ನಾಲ್ಕು ಅಕ್ಷರಗಳಲ್ಲಿ ಬರೆದ ಪಾಠ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದರೆ ಪ್ರೋಟೀನು. ಡಿಎನ್‌ಎಐ-೧ ಪ್ರೋಟೀನಿನಲ್ಲಿ ೬೯೯ ಮಣಿಗಳು. ಎಂದರೆ ಪಾಠದ ಉದ್ದ ೨,೦೯೭ ಅಕ್ಷರಗಳು. ಕೊನೆಯಲ್ಲಿ ಪೂರ್ಣವಿರಾಮದಂತೆ ಇನ್ನು ಮೂರು. ಈ ಅಕ್ಷರಗಳ ಭಾಷೆಯನ್ನು ಬಿಡಿಸಿದವರಲ್ಲಿ ಒಬ್ಬರು ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖುರಾನಾ ಅವರು. ಅವರಿಗೆ ೧೯೬೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಯೋಗಾಲಯದಲ್ಲಿ ಒಂದು ಜೀನನ್ನು ಅಕ್ಷರಕ್ಕೆ ಅಕ್ಷರ ಜೋಡಿಸಿ ಮೊದಲು ತಯಾರಿಸಿದವರೂ ಅವರೇ.

ಮಾನವನ ಜೀನಿನಲ್ಲಿ ಪಾಠವು ಒಂದೇ ಓಟದಲ್ಲಿ ಇರುವುದಿಲ್ಲ. ಡಿಎನ್‌ಎಐ-೧ರ ಪಾಠ ೨೦ ತುಂಡುಗಳಲ್ಲಿ ಹರಡಿದೆ. ನಮ್ಮ ಕೋಶ ಅವನ್ನು ಕತ್ತರಿಸಿ ಜೋಡಿಸಿ ಓದುತ್ತದೆ. ಏಕಾಣುಜೀವಿಗೆ ಆ ವಿದ್ಯೆ ಬಾರದು. ಆದಕಾರಣ ಜೋಡಿಸಿ ಮುಗಿದ ಪ್ರತಿಯನ್ನೇ ತೆಗೆದುಕೊಂಡು, ಅದನ್ನು ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿ.ಎನ್.ಎ.ಯೊಳಗೆ ಕಿಣ್ವಗಳ ಸಹಾಯದಿಂದ ಸೇರಿಸುತ್ತಾರೆ. ಒಂದು ಕಿಣ್ವ ಕತ್ತರಿ, ಇನ್ನೊಂದು ಅಂಟು. ಈ ವಿಧಾನವನ್ನು ೧೯೭೩ರಲ್ಲಿ ಕೋಹೆನ್ ಮತ್ತು ಬಾಯರ್ ಎಂಬುವರು ಸಾಧಿಸಿ ತೋರಿಸಿದರು. ಪ್ಲಾಸ್ಮಿಡನ್ನು ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಏಕಾಣುಜೀವಿಯೊಳಗೆ ಹೊಗಿಸುತ್ತಾರೆ. ಅನುಕೂಲ ಸ್ಥಿತಿಯಲ್ಲಿ ಅದು ೨೦ ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಹತ್ತು ಗಂಟೆಗೆ ೩೦ ಸಲ ಇಮ್ಮಡಿಯಾಗಿ, ಒಂದು ಇದ್ದದ್ದು ೧೦೭ ಕೋಟಿಯಾಗುತ್ತದೆ. ರಾತ್ರಿ ಹಾಕಿದ ಹೆಪ್ಪು ಬೆಳಿಗ್ಗೆಗೆ ಗಡಿಗೆಯ ಹಾಲನ್ನೆಲ್ಲ ಮೊಸರು ಮಾಡುವುದಿಲ್ಲವೆ? ಇದೂ ಹಾಗೆಯೇ. ಪ್ರತಿಯೊಂದು ಕೋಶವೂ ತನ್ನ ಪಾಠದೊಡನೆ ಮಾನವನ ಪಾಠವನ್ನೂ ಓದಿ ಪ್ರೋಟೀನನ್ನು ತಯಾರಿಸುತ್ತದೆ.

ಆಮೇಲೆ ಶುದ್ಧಿ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದು, ಹದವಾಗಿ ಕಾಯಿಸುವುದನ್ನು ನಮ್ಮ ಸೀಮೆಯವರು ಬಲ್ಲರು. ಇಲ್ಲಿಯೂ ಕೋಶಗಳನ್ನು ಒಡೆದು, ಚರಟವನ್ನು ಬೇರ್ಪಡಿಸಿ, ತಿಳಿಯನ್ನು ಉಳಿಸಿಕೊಳ್ಳುತ್ತಾರೆ. ಆ ತಿಳಿಯಲ್ಲಿ ಇರುವ ಸಾವಿರಾರು ಪ್ರೋಟೀನುಗಳ ಪೈಕಿ ನಮಗೆ ಬೇಕಾದುದನ್ನು ಹಿಡಿಯುವ ಉಪಾಯ ಬಹು ಜಾಣತನದ್ದು. ಪಾಠದ ತುದಿಗೆ ಮೊದಲೇ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲದ ಆರು ಮಣಿಗಳನ್ನು ಬಾಲದಂತೆ ಸೇರಿಸಿರುತ್ತಾರೆ. ಈ ಬಾಲಕ್ಕೆ ನಿಕ್ಕಲ್ ಲೋಹದ ಮೇಲೆ ಮೋಹ. ನಿಕ್ಕಲ್ ಅಂಟಿಸಿದ ಕಣಗಳ ಕೊಳವೆಯಲ್ಲಿ ತಿಳಿಯನ್ನು ಹರಿಸಿದರೆ ಉಳಿದವೆಲ್ಲ ಹರಿದುಹೋಗಿ, ಬಾಲವುಳ್ಳದ್ದು ಮಾತ್ರ ಹಿಡಿದುಕೊಂಡು ನಿಲ್ಲುತ್ತದೆ. ಬಳಿಕ ಅದನ್ನು ಬಿಡಿಸಿಕೊಳ್ಳುತ್ತಾರೆ. ಸಿಕ್ಕಿದ್ದು ಸರಿಯಾದುದೇ ಎಂದು ನೋಡಲು ಜೆಲ್ಲಿಯ ಹಲಗೆಯಲ್ಲಿ ವಿದ್ಯುತ್ತಿನಿಂದ ಓಡಿಸುತ್ತಾರೆ. ಹಗುರವಾದುದು ಮುಂದೆ, ಭಾರವಾದುದು ಹಿಂದೆ. ಡಿಎನ್‌ಎಐ-೧ ಪೂರ್ಣವಾಗಿದ್ದರೆ ಸುಮಾರು ೭೯,೦೦೦ ಡಾಲ್ಟನ್ ಜಾಗದಲ್ಲಿ ಒಂದು ಗೆರೆ ಮೂಡಬೇಕು. ಹಸಿರು ಜೀವಿಯದು ೭೮,೦೦೦ ಎಂದು ಮೇಲೆ ಹೇಳಿದ್ದನ್ನು ವಾಚಕರು ಮರೆತಿರಲಾರರು.

ಇಷ್ಟು ದೊಡ್ಡ ಮಾನವ ಪ್ರೋಟೀನು ಏಕಾಣುಜೀವಿಯೊಳಗೆ ಸರಿಯಾಗಿ ಮಡಿಚಿಕೊಳ್ಳದೆ ಮುದ್ದೆಯಾಗುವುದೂ ಉಂಟು. ಆಗ ಪ್ರೋಟೀನಿನ ಒಂದು ತುಂಡನ್ನು ಮಾತ್ರ ಮಾಡಿಸುತ್ತಾರೆ, ಇಲ್ಲವೆ ಯೀಸ್ಟ್, ಕೀಟದ ಕೋಶ, ಮಾನವ ಕೋಶ ಮೊದಲಾದುವನ್ನು ಆಶ್ರಯಿಸುತ್ತಾರೆ. ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ೧೯೭೮ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಅವರು ಆರಂಭಿಸಿದ ಬಯೋಕಾನ್ ಸಂಸ್ಥೆಯು, ೨೦೦೪ರಲ್ಲಿ ಪಿಕಿಯಾ ಎಂಬ ಯೀಸ್ಟಿನಿಂದ ಮಾಡಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ನಮ್ಮ ಹಳ್ಳಿಗಳ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಪುನಸ್ಸಂಯೋಜಿತ ಪ್ರೋಟೀನೇ.

ಇದರಿಂದ ಏನು ಪ್ರಯೋಜನ?

ಲೋಮಾಂಗದ ಪ್ರೋಟೀನುಗಳು ಮೈಕ್ರೋಗ್ರಾಮ್ ಲೆಕ್ಕದಲ್ಲಿ ಪುಟ್ಟ ಸೀಸೆಗಳಲ್ಲಿ ಹೆಪ್ಪುಗಟ್ಟಿ ಪ್ರಯೋಗಾಲಯಗಳಿಗೆ ಬರುತ್ತವೆ. ಸಂಶೋಧನೆಗೆ ಮಾತ್ರ, ರೋಗಿಗೆ ಕೊಡುವುದಕ್ಕಲ್ಲ ಎಂಬ ಮಾತು ಅವುಗಳ ಮೇಲೆ ಇರುತ್ತದೆ. ಅವುಗಳ ಮುಖ್ಯ ಉಪಯೋಗಗಳನ್ನು ಮೂರಾಗಿ ಹೇಳಬಹುದು.

ಮೊದಲನೆಯದು, ಪ್ರತಿಕಾಯಗಳನ್ನು ಪಡೆಯುವುದು. ಶುದ್ಧ ಪ್ರೋಟೀನನ್ನು ಮೊಲ ಮೊದಲಾದ ಪ್ರಾಣಿಗೆ ಚುಚ್ಚಿದರೆ ಅದರ ರಕ್ತದಲ್ಲಿ ಆ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಹೊಳೆಯುವ ಬಣ್ಣವನ್ನು ಕಟ್ಟಿದ ಪ್ರತಿಕಾಯವನ್ನು, ರೋಗಿಯ ಮೂಗಿನಿಂದ ಬ್ರಷ್ಷಿನಿಂದ ತೆಗೆದ ಕೋಶಗಳ ಮೇಲೆ ಹಾಕಿದರೆ, ಲೋಮಾಂಗದಲ್ಲಿ ಆ ಪ್ರೋಟೀನು ಇದ್ದಲ್ಲಿ ಹೊಳೆಯುತ್ತದೆ, ಇಲ್ಲದಿದ್ದಲ್ಲಿ ಕತ್ತಲೆ.

ಎರಡನೆಯದು, ಆ ಪ್ರತಿಕಾಯ ಸತ್ಯವಾದಿಯೇ ಎಂದು ಪರೀಕ್ಷಿಸುವುದು. ಪ್ರತಿಕಾಯ ಬೇರೆ ಯಾವುದೋ ಪ್ರೋಟೀನಿಗೆ ಅಂಟಿ ಹೊಳೆದರೆ ವೈದ್ಯರು ಮೋಸಹೋಗುತ್ತಾರೆ. ಅದಕ್ಕಾಗಿ ಪ್ರತಿಕಾಯವನ್ನು ಮೊದಲು ಪುನಸ್ಸಂಯೋಜಿತ ಪ್ರೋಟೀನಿನೊಡನೆ ಬೆರೆಸಿ, ಆಮೇಲೆ ಆರೋಗ್ಯವಂತನ ಕೋಶಗಳ ಮೇಲೆ ಹಾಕುತ್ತಾರೆ. ಅದರ ಕೈಗಳೆಲ್ಲ ಆಗಲೇ ತುಂಬಿರುವುದರಿಂದ ಹೊಳಪು ಮಾಯವಾಗಬೇಕು. ಮಾಯವಾಗದಿದ್ದರೆ ಅದು ಬೇರೆ ಏನನ್ನೋ ಹಿಡಿದಿದೆ ಎಂದರ್ಥ. ಸಾಕ್ಷಿಯನ್ನು ನಂಬುವ ಮುನ್ನ ಸಾಕ್ಷಿಗೆ ಪಾಟೀಸವಾಲು ಹಾಕುವಂತೆ ಇದು.

ಮೂರನೆಯದು, ಯಾವ ಪ್ರೋಟೀನು ಯಾವುದರ ಕೈಹಿಡಿಯುತ್ತದೆಂದು ಅರಿಯುವುದು. ರೋಗಿಯಲ್ಲಿ ಕಂಡ ಒಂದಕ್ಷರದ ತಪ್ಪನ್ನು ಪ್ಲಾಸ್ಮಿಡಿನಲ್ಲಿಯೂ ಬೇಕೆಂದೇ ಮಾಡಿ, ಸರಿಯಾದ ಪ್ರೋಟೀನಿನ ಪಕ್ಕದಲ್ಲಿ ತಪ್ಪಿದ ಪ್ರೋಟೀನನ್ನಿಟ್ಟು ಹೋಲಿಸಬಹುದು. ಆ ಒಂದಕ್ಷರ ನಿಜವಾಗಿಯೂ ಅಪಾಯಕಾರಿಯೋ ಅಲ್ಲವೋ ಎಂಬುದಕ್ಕೆ ಇದು ಒಂದು ಆಧಾರವಾಗುತ್ತದೆ.

ಇಲ್ಲಿ ಅತ್ತಿಗೆ ಕೇಳಿದ ಇನ್ನೊಂದು ಪ್ರಶ್ನೆಯನ್ನು ಹೇಳಬೇಕು. “ಸಕ್ಕರೆ ಕಾಯ್ಲೆಗೆ ಇನ್ಸುಲಿನ್ ಕೊಡ್ತಾರಲ್ಲ, ಅಂಗೇ ಇದನ್ನೂ ನನ್ ಮಗೀಗೆ ಕೊಡಬಾರ್ದಾ?” ಪ್ರಶ್ನೆ ನ್ಯಾಯವಾದದ್ದು. ಇನ್ಸುಲಿನ್ ರಕ್ತದಲ್ಲಿ ಸಂಚರಿಸಿ ಕೋಶದ ಹೊರಬಾಗಿಲನ್ನು ತಟ್ಟಿದರೆ ಸಾಕು, ಕೆಲಸವಾಗುತ್ತದೆ. ಡೈನೀನಿನ ಪ್ರೋಟೀನು ಹಾಗಲ್ಲ. ಅದು ಕೋಶದ ಒಳಗೇ ಹುಟ್ಟಿ, ತನ್ನ ಸಂಗಡಿಗರಾದ ಹಲವು ಪ್ರೋಟೀನುಗಳೊಡನೆ ಅಲ್ಲಿಯೇ ಜೋಡಣೆಯಾಗಿ, ಲೋಮಾಂಗದೊಳಕ್ಕೆ ಸಾಗಿ, ನಳಿಗೆಯ ಮೇಲೆ ಗೊತ್ತಾದ ಜಾಗದಲ್ಲಿ ಕೂರಬೇಕು. ಹೊರಗಿನಿಂದ ಸುರಿದರೆ ಬಾಗಿಲಲ್ಲಿಯೇ ನಿಲ್ಲುತ್ತದೆ. ಆದ್ದರಿಂದಲೇ ಪ್ರೋಟೀನಿನ ಬದಲು ಪ್ರೋಟೀನಿನ ಪಾಠದ ನಕಲನ್ನು, ಎಂದರೆ ಸಂದೇಶವಾಹಕ ಆರ್.ಎನ್.ಎ.ಯನ್ನು, ಉಸಿರಿನ ಮೂಲಕ ಕೋಶಗಳಿಗೆ ತಲುಪಿಸುವ ಪ್ರಯತ್ನಗಳು ವಿದೇಶಗಳಲ್ಲಿ ನಡೆದಿವೆ. ಅವು ಪರೀಕ್ಷೆಯ ಹಂತದವು. ಮಗುವಿಗೆ ಈಗ ಬೇಕಾದುದು ಬೆನ್ನು ಎದೆಗಳನ್ನು ತಟ್ಟಿ ಕಫವನ್ನು ಪ್ರತಿದಿನ ತೆಗೆಸುವ ವ್ಯಾಯಾಮ, ಸೋಂಕಿಗೆ ಸಕಾಲದಲ್ಲಿ ಔಷಧ, ಲಸಿಕೆಗಳು, ಕಿವಿಯ ಪರೀಕ್ಷೆ, ಒಲೆಯ ಹೊಗೆಯಿಂದಲೂ ಬೀಡಿಯ ಹೊಗೆಯಿಂದಲೂ ದೂರ. ಲೋಮಾಂಗಗಳು ಮಾಡದ ಗುಡಿಸುವ ಕೆಲಸವನ್ನು ಮನೆಯವರ ಕೈ ಮಾಡಬೇಕು. ಬೇಗ ಗುರುತಿಸಿ ಹೀಗೆ ನೋಡಿಕೊಂಡರೆ ಶ್ವಾಸಕೋಶವನ್ನು ಬಹುಕಾಲ ಕಾಪಾಡಬಹುದು.

ಒಂದು ಲೆಕ್ಕ

ಉಳಿದದ್ದು ಅತ್ತಿಗೆಯ ಮೊದಲನೆಯ ಪ್ರಶ್ನೆ. ಇದಕ್ಕೆ ಅಂಕಗಣಿತ ಸಾಕು. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿವೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಒಂದು ಕೆಟ್ಟ ಪ್ರತಿಯನ್ನು ಹೊತ್ತವರಿಗೆ ರೋಗವಿಲ್ಲ, ಅದು ತಮ್ಮಲ್ಲಿದೆಯೆಂಬ ಅರಿವೂ ಇರುವುದಿಲ್ಲ. ಇಬ್ಬರು ಹೊತ್ತವರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ.

ಲೆಕ್ಕಕ್ಕೋಸ್ಕರ ೧೦೦ ಜನರಲ್ಲಿ ಒಬ್ಬರು ಇಂಥ ಪ್ರತಿಯನ್ನು ಹೊತ್ತಿರುವರೆಂದು ಭಾವಿಸೋಣ. ನಂಟಿಲ್ಲದ ಗಂಡುಹೆಣ್ಣು ಇಬ್ಬರೂ ಹೊತ್ತಿರುವ ಸಂಭವ ೧೦,೦೦೦ಕ್ಕೆ ಒಂದು. ಮಗುವಿಗೆ ರೋಗದ ಸಂಭವ ೪೦,೦೦೦ಕ್ಕೆ ಒಂದು. ಈಗ ಅಕ್ಕನ ಮಗಳನ್ನು ಮದುವೆಯಾದವನ ಲೆಕ್ಕ. ಅವನು ಹೊತ್ತಿರುವ ಸಂಭವ ೧೦೦ಕ್ಕೆ ಒಂದೇ. ಆದರೆ ಅವನು ಹೊತ್ತಿದ್ದರೆ ಅದು ಅವನ ತಂದೆ ಅಥವಾ ತಾಯಿಯಿಂದ ಬಂದದ್ದು. ಅದೇ ಅಕ್ಕನಿಗೂ ಬಂದಿರುವ ಸಂಭವ ಅರ್ಧ, ಅಕ್ಕನಿಂದ ಮಗಳಿಗೆ ಬಂದಿರುವ ಸಂಭವ ಅದರ ಅರ್ಧ, ಎಂದರೆ ಕಾಲು. ಇಬ್ಬರೂ ಹೊತ್ತಿರುವ ಸಂಭವ ೪೦೦ಕ್ಕೆ ಒಂದು. ಮಗುವಿಗೆ ೧,೬೦೦ಕ್ಕೆ ಒಂದು. ಸೋದರತ್ತೆಯ ಮಗ ಅಥವಾ ಸೋದರಮಾವನ ಮಗಳಾದರೆ ೩,೨೦೦ಕ್ಕೆ ಒಂದು. ನಂಟಿಲ್ಲದವರಿಗಿಂತ ಒಂದರಲ್ಲಿ ೨೫ ಪಟ್ಟು, ಇನ್ನೊಂದರಲ್ಲಿ ಹನ್ನೆರಡೂವರೆ ಪಟ್ಟು ಹೆಚ್ಚು.

ಇದು ನಮ್ಮ ಸೀಮೆಗೆ ದೂರದ ಮಾತಲ್ಲ. ೧೯೮೦ರಿಂದ ೧೯೮೯ರವರೆಗೆ ಬೆಂಗಳೂರು, ಮೈಸೂರು ನಗರಗಳ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಒಂದು ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ವಿಚಾರಿಸಿದ ಒಂದು ಅಧ್ಯಯನ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾವ್ ಅವರೂ ಬಿಟಲ್ಸ್ ಎಂಬ ವಿಜ್ಞಾನಿಯೂ ಅದರಲ್ಲಿ ಸೇರಿದ್ದರು. ಆ ಮದುವೆಗಳಲ್ಲಿ ನೂರಕ್ಕೆ ೩೦ಕ್ಕೂ ಹೆಚ್ಚು ರಕ್ತಸಂಬಂಧದಲ್ಲಿ ಆದವು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಪ್ರಮಾಣ ನೂರಕ್ಕೆ ೨೫ನ್ನು ಮೀರಿದೆ. ಆಸ್ತಿ ಹೊರಕ್ಕೆ ಹೋಗಬಾರದು, ಮಗಳು ಕಣ್ಮುಂದೆ ಇರಬೇಕು, ವರದಕ್ಷಿಣೆಯ ಕಾಟ ಬೇಡ ಎಂಬ ಕಾರಣಗಳಿಂದ ಹಿರಿಯರು ಇದನ್ನು ನಡೆಸಿಕೊಂಡು ಬಂದರು. ಅವರನ್ನು ಮೂಢರೆಂದು ಹಳಿಯುವುದು ಸರಿಯಲ್ಲ. ಹೀಗೆ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಆಗಿರುತ್ತಾರೆಂಬುದನ್ನೂ ಮರೆಯಬಾರದು. ನಂಟಿಲ್ಲದವರ ಮಕ್ಕಳಿಗೂ ಈ ರೋಗ ಬರುವುದುಂಟು. ಆದರೆ ಲೆಕ್ಕ ಲೆಕ್ಕವೇ. ಹಿರಿಯರಿಗೆ ತಿಳಿಯದಿದ್ದ ಸಂಗತಿ ನಮಗೆ ತಿಳಿದಿದೆ. ತಿಳಿದ ಮೇಲೆ ಹೊಣೆ ನಮ್ಮದು. ನಿಶ್ಚಯಕ್ಕೆ ಮುಂಚೆಯೇ, ಮನೆತನದಲ್ಲಿ ಇಂಥ ಮಗುವಿದ್ದರಂತೂ ತಪ್ಪದೆ, ವೈದ್ಯರನ್ನು ಕೇಳುವುದು ಲೇಸು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ಇಂಥ ಸಲಹೆಗೆಂದೇ ಇವೆ.

ಕಳೆದ ಯುಗಾದಿಯಲ್ಲಿ ನಮ್ಮ ಮನೆಯಲ್ಲಿಯೂ ನನ್ನ ಅಣ್ಣನಿಗೆ ಅಕ್ಕನ ಮಗಳನ್ನು ತರುವ ಮಾತು ಎದ್ದಿತ್ತು. ಮೇಲಿನ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ಅಪ್ಪನ ಮುಂದೆ ಇಟ್ಟೆ. ಅಪ್ಪ ಬಹಳ ಹೊತ್ತು ನೋಡಿದರು. ಒಪ್ಪಿದೆನೆಂದೂ ಹೇಳಲಿಲ್ಲ, ಒಪ್ಪೆನೆಂದೂ ಹೇಳಲಿಲ್ಲ. ಹಾಳೆಯನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಕೊಂಡರು. ಮಾತು ಮಾತ್ರ ಮುಂದುವರಿದಿಲ್ಲ.

ಅತ್ತಿಗೆಗೆ ನಾನು ಹೇಳಿದ್ದು ಇಷ್ಟು. “ನೀವು ಯಾವ ಪಾಪವನ್ನೂ ಮಾಡಿಲ್ಲ ಅತ್ತಿಗೆ. ಎರಡು ಸಾವಿರ ಅಕ್ಷರದ ಒಂದು ಪಾಠದಲ್ಲಿ ಎಲ್ಲೋ ಒಂದಕ್ಷರ ತಪ್ಪಿರಬಹುದು. ಆ ತಪ್ಪು ನಿಮ್ಮಿಬ್ಬರ ಕಡೆಯಿಂದಲೂ ಸಮನಾಗಿ ಬಂದಿದೆ. ನಿಮ್ಮೊಬ್ಬರ ಮೇಲೆ ಹೊರೆ ಹೊರಿಸುವವರು ಲೆಕ್ಕ ಬಾರದವರು.” ಅವರಿಗೆ ಎಷ್ಟು ತಿಳಿಯಿತೋ ಕಾಣೆ. ಆದರೆ ಅಂದಿನಿಂದ ಬೆಳಿಗ್ಗೆ ಸಂಜೆ ಮಗನನ್ನು ಮಡಿಲಲ್ಲಿ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟುವುದನ್ನು ಅವರು ತಪ್ಪಿಸಿಲ್ಲ. ಜಗುಲಿಯಿಂದ ಆ ಸದ್ದು ನಮ್ಮ ಮನೆಗೂ ಕೇಳಿಸುತ್ತದೆ. ಹುಡುಗ ಈ ವರ್ಷ ಶಾಲೆ ತಪ್ಪಿಸಿದ್ದು ಹೋದ ವರ್ಷಕ್ಕಿಂತ ಕಡಿಮೆ.

ಲೇಖನದಲ್ಲಿ ತಪ್ಪುಗಳಿದ್ದರೆ ಅಧ್ಯಾಪಕರು ತಿದ್ದಬೇಕೆಂದು ಬೇಡುತ್ತೇನೆ. ಮಿತ್ರರಲ್ಲಿ ಒಂದೇ ವಿನಂತಿ. ನಿಮ್ಮ ಊರಿನಲ್ಲಿ ಹುಟ್ಟಿದಂದಿನಿಂದ ವರ್ಷವಿಡೀ ಕೆಮ್ಮುವ ಮಗುವಿದ್ದರೆ “ಶೀತದ ಮೈ” ಎಂದು ಸುಮ್ಮನಾಗದೆ, ಒಬ್ಬ ತಜ್ಞವೈದ್ಯರಿಗೆ ತೋರಿಸಲು ಆ ಮನೆಯವರಿಗೆ ಹೇಳಿ.